ಸ್ತ್ರೀವಾದ: ಒಂದು ಹೆಸರು, ಹಲವು ಚಿಂತನಧಾರೆಗಳು

ಪ್ರತಿ ವರ್ಷದಂತೆ ಈ ಬಾರಿಯೂ ಮಾರ್ಚ್ ತಿಂಗಳಿನಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದವರು ವಿಶ್ವ ಮಹಿಳಾ ದಿನಾಚರಣೆಯನ್ನು ಹಮ್ಮಿಕೊಂಡಿದ್ದರು. ರಂಗವಲ್ಲಿ ಸ್ಪರ್ಧೆ, ಭಾವಗೀತೆಗಳ ಗಾಯನ, ಲಘು ಉಪಾಹಾರ ಎಲ್ಲವೂ ಸಾಂಗವಾಗಿ ನೆರವೇರಿದವು. ಸಮಾರೋಪದಲ್ಲಿ ಮಾತನಾಡಿದ ಹಿರಿಯರೊಬ್ಬರು, ಸ್ತ್ರೀವಾದ ಎಂಬುದು ಪರದೇಶದಿಂದ ಆಮದಾದ ಸರಕು, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯಾವ ಕೊರತೆಯನ್ನೂ ನಾವು ಮಾಡಿಲ್ಲ ಎಂದರು. ಸಭೆ ಕರತಾಡನ ಮಾಡಿತು. ನಾವೂ ಮಾಡಿದೆವು.

ಅಂದು ಲೋಕಲ್ ರೈಲಿನಲ್ಲಿ ಮನೆಗೆ ಮರಳುವಾಗ ಪಕ್ಕದಲ್ಲಿ ಕುಳಿತಿದ್ದ ಮಗಳು, "ಅಪ್ಪಾ, ಅತ್ತೆ ಸಹಿ ಹಾಕಿದ ಕಾಗದವನ್ನ ಅತ್ತೆಗೆ ಯಾರಾದ್ರೂ ಓದಿ ಹೇಳಿದ್ರಾ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ವಿಷಯವಿಷ್ಟು. ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಹಿರಿಯರಿಂದ ಬಂದ ಅಡಿಕೆ ತೋಟ ಹಾಗೂ ಮನೆಯಿದೆ. 2009ರಲ್ಲಿ ತಂದೆಯವರು ತೀರಿಕೊಂಡರು. ತಾಯಿಯವರು ಅದಕ್ಕೂ ಮುಂಚೆಯೇ ಇಲ್ಲವಾಗಿದ್ದರು. ಮರುವರ್ಷ ನಾವು ಮತ್ತು ನಮ್ಮ ತಮ್ಮ ಸೇರಿ, 1992ರಲ್ಲಿ ಮದುವೆಯಾಗಿ ಹೋದ ತಂಗಿಯನ್ನು ಕರೆಸಿ, ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡೆವು. ಆಕೆ ಕೇಳಿದ್ದು ಒಂದೇ ಮಾತು: "ಅಣ್ಣಾ, ಎಲ್ಲಿ ಹಾಕಲಿ?" ನಾವು ಬೆರಳಿಟ್ಟು ತೋರಿಸಿದೆವು. ಬ್ಯಾಂಕಿನಲ್ಲಿ ಸಾಲಗಾರನಿಗೆ ಜಾಮೀನು ನಿಲ್ಲುವ ಅಪರಿಚಿತ ವ್ಯಕ್ತಿಗೂ ಪತ್ರದಲ್ಲಿರುವುದನ್ನು ಅವನ ಭಾಷೆಯಲ್ಲಿ ತಿಳಿಸಿ ಹೇಳಿದ ಮೇಲೆಯೇ ಸಹಿ ಪಡೆಯಬೇಕೆಂಬುದು ನಾವು ಮೂರು ದಶಕಗಳಿಂದ ಪಾಲಿಸಿಕೊಂಡು ಬಂದ ಕ್ರಮ. ಒಡಹುಟ್ಟಿದವಳ ವಿಷಯದಲ್ಲಿ ಆ ಕ್ರಮ ನಮಗೆ ನೆನಪಾಗಲಿಲ್ಲ.

ಮಗಳ ಪ್ರಶ್ನೆಯ ಬಳಿಕ ಕೆಲವು ತಿಂಗಳು ನಾವು ಸ್ತ್ರೀವಾದದ ಕುರಿತು ಓದಿದೆವು. ಕಲಾ ವಿಭಾಗದ ಪದವೀಧರರಾದರೂ ನಮ್ಮ ಕಾಲೇಜು ದಿನಗಳಲ್ಲಿ ಈ ವಿಷಯ ಪಠ್ಯದ ಅಂಚಿನಲ್ಲಿಯೂ ಇರಲಿಲ್ಲ. ಓದಿದಾಗ ತಿಳಿದುಬಂದ ಮೊದಲ ಸಂಗತಿಯೆಂದರೆ, ಸ್ತ್ರೀವಾದ ಒಂದೇ ಮತವಲ್ಲ. ಅದರೊಳಗೆ ಹಲವು ಪಂಥಗಳಿವೆ, ಅವುಗಳ ನಡುವೆ ತೀವ್ರವಾದ ವಾಗ್ವಾದಗಳಿವೆ. ಅವುಗಳನ್ನು ನಮಗೆ ತಿಳಿದಮಟ್ಟಿಗೆ ಸರಳವಾಗಿ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ತ್ರೀವಾದ ಎಂದರೇನು?

ಎಲ್ಲ ಪಂಥಗಳಿಗೂ ಸಮಾನವಾದ ತಳಹದಿಯೊಂದಿದೆ. ಹೆಣ್ಣು ಹೆಣ್ಣಾಗಿರುವ ಕಾರಣಕ್ಕೇ ಸಮಾಜದಲ್ಲಿ ಅಸಮಾನತೆಯನ್ನು ಅನುಭವಿಸುತ್ತಾಳೆ, ಈ ಅಸಮಾನತೆ ಪ್ರಕೃತಿದತ್ತವಾದುದಲ್ಲ, ಆದ್ದರಿಂದ ಅದನ್ನು ಬದಲಿಸಲು ಸಾಧ್ಯ ಎಂಬುದೇ ಆ ತಳಹದಿ. ಕಾರಣ ಯಾವುದು, ಪರಿಹಾರ ಯಾವುದು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ.

ಇಲ್ಲಿ ಎರಡು ಪರಿಭಾಷೆಗಳನ್ನು ತಿಳಿದುಕೊಳ್ಳುವುದು ಅಗತ್ಯ. ದೇಹರಚನೆಯ ವ್ಯತ್ಯಾಸವನ್ನು 'ಲಿಂಗ' ಎಂದೂ, ಆ ವ್ಯತ್ಯಾಸದ ಮೇಲೆ ಸಮಾಜ ಕಟ್ಟಿದ ನಡೆನುಡಿ, ಕೆಲಸಕಾರ್ಯ, ಸ್ಥಾನಮಾನಗಳ ವ್ಯವಸ್ಥೆಯನ್ನು 'ಲಿಂಗತ್ವ' ಎಂದೂ ವಿದ್ವಾಂಸರು ಕರೆಯುತ್ತಾರೆ. ಮಗುವನ್ನು ಹೆರುವುದು ಮೊದಲನೆಯದಕ್ಕೆ ಸೇರಿದ್ದು. ಹೆತ್ತವಳೇ ನೌಕರಿ ಬಿಡಬೇಕು ಎಂಬ ನಿರೀಕ್ಷೆ ಎರಡನೆಯದಕ್ಕೆ ಸೇರಿದ್ದು. ಫ್ರಾನ್ಸಿನ ಲೇಖಕಿ ಸಿಮೋನ್ ದ ಬೊವಾ 1949ರಲ್ಲಿ ಪ್ರಕಟಿಸಿದ 'ದಿ ಸೆಕೆಂಡ್ ಸೆಕ್ಸ್' ಗ್ರಂಥದಲ್ಲಿ ಈ ಅಂತರವನ್ನು ವಿಸ್ತಾರವಾಗಿ ವಿವೇಚಿಸಿದರು. ಗಂಡನ್ನು ಅಳತೆಗೋಲಾಗಿ ಇಟ್ಟುಕೊಂಡ ಸಮಾಜವು ಹೆಣ್ಣನ್ನು ಸದಾ 'ಅನ್ಯ'ಳನ್ನಾಗಿ ನೋಡುತ್ತದೆ ಎಂಬುದು ಅವರ ವಾದದ ತಿರುಳು. ಆಡಳಿತ, ಆಸ್ತಿ, ಮನೆತನದ ಹೆಸರು ಎಲ್ಲವೂ ಗಂಡಸಿನ ಮೂಲಕ ಸಾಗುವ ಏರ್ಪಾಡನ್ನು 'ಪಿತೃಪ್ರಧಾನ ವ್ಯವಸ್ಥೆ' ಎನ್ನುತ್ತಾರೆ. ಸ್ತ್ರೀವಾದದ ಆಕ್ಷೇಪವಿರುವುದು ಈ ಏರ್ಪಾಡಿಗೆ. ಅದನ್ನು ಗಂಡಸರ ಮೇಲಿನ ದ್ವೇಷವೆಂದು ತಿಳಿಯುವುದು ಸರಿಯಾಗಲಾರದು.

ಉದಾರವಾದಿ ಸ್ತ್ರೀವಾದ

ಇದು ಎಲ್ಲಕ್ಕಿಂತ ಹಳೆಯದು, ನಮ್ಮಂಥ ಮಧ್ಯಮ ವರ್ಗದವರಿಗೆ ಹೆಚ್ಚು ಪರಿಚಿತವಾದುದು. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಬರೆದ ಮಹಿಳಾ ಹಕ್ಕುಗಳ ಸಮರ್ಥನಾ ಗ್ರಂಥದಲ್ಲಿ, ಹೆಣ್ಣಿಗೂ ಗಂಡಿನಷ್ಟೇ ವಿವೇಚನಾಶಕ್ತಿಯಿದೆ, ಆಕೆ ಹಿಂದುಳಿದಿರುವುದು ಶಿಕ್ಷಣ ದೊರೆಯದ ಕಾರಣದಿಂದ ಎಂದು ವಾದಿಸಿದಳು. ಚಿಂತಕ ಜಾನ್ ಸ್ಟುವರ್ಟ್ ಮಿಲ್ 1867ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ನೀಡಬೇಕೆಂಬ ತಿದ್ದುಪಡಿಯನ್ನು ಮಂಡಿಸಿ ಸೋತನು. 1869ರಲ್ಲಿ ಮಹಿಳೆಯರ ಪರಾಧೀನತೆಯನ್ನು ಕುರಿತು ಗ್ರಂಥವನ್ನೇ ಬರೆದನು. ದೇಶಮಟ್ಟದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನು ಮೊದಲು ನೀಡಿದ್ದು ನ್ಯೂಜಿಲೆಂಡ್, 1893ರಲ್ಲಿ. ಬ್ರಿಟನ್ನಿನಲ್ಲಿ ಗಂಡಸರಿಗೆ ಸರಿಸಮಾನವಾದ ಮತಾಧಿಕಾರ ಬಂದದ್ದು 1928ರಲ್ಲಿ.

ಕಾನೂನಿನ ಎದುರು ಸಮಾನತೆ, ಶಿಕ್ಷಣ, ಉದ್ಯೋಗ, ಮತಾಧಿಕಾರ ಇವು ಈ ಪಂಥದ ಬೇಡಿಕೆಗಳು. ನಮ್ಮ ಸಂವಿಧಾನದ 14, 15 ಮತ್ತು 16ನೆಯ ವಿಧಿಗಳು ಇದೇ ಆಶಯವನ್ನು ಹೊಂದಿವೆ. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಯಲ್ಲಿ ಸ್ಪರ್ಧಿಸಿ ಅಲ್ಪ ಮತಗಳ ಅಂತರದಿಂದ ಸೋತರು. ಮರುವರ್ಷ ಪುಣೆಯಲ್ಲಿ ಮೊದಲ ಅಧಿವೇಶನ ನಡೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿ ಬೆಳೆಸಿದವರಲ್ಲಿ ಅವರೂ ಒಬ್ಬರು.

ಹಕ್ಕು ಕಾಗದದ ಮೇಲಿದ್ದರೂ ಕೈಗೆ ಬರುವುದು ಸುಲಭವಲ್ಲ ಎಂಬುದಕ್ಕೆ ಕೊಡಗಿನ ಸಿ.ಬಿ. ಮುತ್ತಮ್ಮನವರ ಪ್ರಕರಣ ಒಳ್ಳೆಯ ನಿದರ್ಶನ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ನಿಯಮದಂತೆ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಇಂಥ ಷರತ್ತಿರಲಿಲ್ಲ. ಬಡ್ತಿ ನಿರಾಕರಿಸಲ್ಪಟ್ಟಾಗ ಮುತ್ತಮ್ಮನವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು.

ನಮ್ಮ ವೃತ್ತಿಗೆ ಹತ್ತಿರವಾದ ಇನ್ನೊಂದು ಪ್ರಕರಣವನ್ನೂ ಇಲ್ಲಿ ಹೇಳಬೇಕು. ಲೇಖಕಿ ಗೀತಾ ಹರಿಹರನ್ ಅವರು 1984ರಲ್ಲಿ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಸಲ್ಲಿಸಿ, ಪೋಷಕಳೆಂದು ತಾವೇ ಸಹಿ ಮಾಡಿದರು. ತಂದೆಯ ಸಹಿ ಬೇಕೆಂದು ಅರ್ಜಿ ಹಿಂದಿರುಗಿತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯಿದೆಯಲ್ಲಿ ಮಗುವಿನ ಸಹಜ ಪೋಷಕ ತಂದೆ, 'ಅವನ ನಂತರ' ತಾಯಿ ಎಂದಿದೆ. ಆ 'ನಂತರ' ಎಂಬ ಪದಕ್ಕೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಯೋಗಕ್ಷೇಮದ ಹೊಣೆ ಹೊರದೆ ಇರುವಾಗಲೂ ತಾಯಿಯೇ ಪೋಷಕಳು ಎಂದು 1999ರಲ್ಲಿ ಸುಪ್ರೀಂ ಕೋರ್ಟು ಅರ್ಥೈಸಿತು. ಒಂದು ಪದದ ಅರ್ಥ ಬದಲಾಗಲು ತಾಯಿಯೊಬ್ಬಳು ಇಷ್ಟು ವರ್ಷ ಕಾಯಬೇಕಾಯಿತು.

ಇನ್ನು ನಮ್ಮ ತಂಗಿಯ ಸಹಿಯ ವಿಷಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲಿತ್ತು. ಆದರೆ ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ ಹಾಗೂ ಮಹಾರಾಷ್ಟ್ರಗಳು 1994ರಲ್ಲಿ ತಿದ್ದುಪಡಿ ತಂದವಾದರೂ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟವು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವಿಲ್ಲದೆ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕು ನೀಡಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ನಮ್ಮ ತಂದೆಯವರಂತೂ 2005ರಲ್ಲಿ ಬದುಕಿದ್ದರು. ಅಂದಮೇಲೆ ತೋಟದ ಮೂರನೆಯ ಒಂದು ಪಾಲು ತಂಗಿಯದಾಗಿತ್ತು. ಅದನ್ನು ಆಕೆಗೆ ತಿಳಿಸಲಾಗಿತ್ತೇ ಎಂಬುದು ಉದಾರವಾದಿ ಸ್ತ್ರೀವಾದವು ನಮ್ಮನ್ನು ಕೇಳುವ ಪ್ರಶ್ನೆ.

ಈ ಪಂಥದ ಮೇಲೆ ಟೀಕೆಯೂ ಇದೆ. ಬಾಗಿಲು ತೆರೆದರೆ ಸಾಕು, ಹೆಣ್ಣು ತಾನಾಗಿ ಒಳಗೆ ಬರುತ್ತಾಳೆ ಎಂದು ಅದು ನಂಬುತ್ತದೆ. ಬಾಗಿಲವರೆಗೆ ನಡೆದುಬರಲು ಬೇಕಾದ ಬಿಡುವು, ಹಣ, ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮಾರ್ಕ್ಸ್‌ವಾದಿ ಮತ್ತು ಸಮಾಜವಾದಿ ಸ್ತ್ರೀವಾದ

ಈ ಟೀಕೆಯಿಂದಲೇ ಎರಡನೆಯ ಧಾರೆ ಆರಂಭವಾಗುತ್ತದೆ. ಕಾರ್ಲ್ ಮಾರ್ಕ್ಸನ ಸಹಚಿಂತಕ ಫ್ರೆಡರಿಕ್ ಎಂಗೆಲ್ಸ್ 1884ರಲ್ಲಿ ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವಗಳ ಉಗಮವನ್ನು ಕುರಿತು ಗ್ರಂಥ ರಚಿಸಿದನು. ಖಾಸಗಿ ಆಸ್ತಿ ಹುಟ್ಟಿದಾಗ ಅದನ್ನು ತನ್ನ ಮಕ್ಕಳಿಗೇ ದಾಟಿಸುವ ಉದ್ದೇಶದಿಂದ ಗಂಡು ಹೆಣ್ಣಿನ ಮೇಲೆ ಹತೋಟಿ ಸ್ಥಾಪಿಸಿದನೆಂಬುದು ಅವನ ವಾದ. ಜರ್ಮನಿಯ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಗಳು 1910ರಲ್ಲಿ ಕೋಪನ್‌ಹೇಗನ್ ನಗರದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ಮಹಿಳಾ ದಿನದ ಪ್ರಸ್ತಾಪವನ್ನು ಮುಂದಿಟ್ಟರು. ನಾವು ಇಂದು ರಂಗವಲ್ಲಿ ಹಾಕಿ ಆಚರಿಸುವ ದಿನದ ಬೇರು ಕಾರ್ಮಿಕ ಮಹಿಳೆಯರ ಹೋರಾಟದಲ್ಲಿದೆ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ವರ್ಗಶೋಷಣೆ ಅಳಿದರೆ ಹೆಣ್ಣಿನ ಶೋಷಣೆಯೂ ಅಳಿಯುತ್ತದೆ ಎಂದು ಮಾರ್ಕ್ಸ್‌ವಾದಿಗಳು ನಂಬಿದರು. ಬಂಡವಾಳಶಾಹಿ ಮತ್ತು ಪಿತೃಪ್ರಧಾನತೆ ಎರಡರ ವಿರುದ್ಧವೂ ಏಕಕಾಲಕ್ಕೆ ಹೋರಾಡಬೇಕು ಎಂದು ಸಮಾಜವಾದಿ ಸ್ತ್ರೀವಾದಿಗಳು ತಿದ್ದಿದರು. ಇವರ ಮುಖ್ಯ ಕೊಡುಗೆಯೆಂದರೆ ಮನೆಗೆಲಸವನ್ನು 'ಕೆಲಸ' ಎಂದು ಎಣಿಸಿದ್ದು. ಕಾರ್ಮಿಕನು ಮರುದಿನ ಕೆಲಸಕ್ಕೆ ಸಿದ್ಧನಾಗಿ ಹೋಗಬೇಕಾದರೆ ಯಾರೋ ಅಡುಗೆ ಮಾಡಿರಬೇಕು, ಬಟ್ಟೆ ಒಗೆದಿರಬೇಕು, ಮಕ್ಕಳನ್ನು ಸಾಕಿರಬೇಕು. ಇದಕ್ಕೆ ಕೂಲಿಯಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ.

ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಅದರಲ್ಲಿ ತೊಡಗಿದ ಪುರುಷರು ವ್ಯಯಿಸಿದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 289 ಮತ್ತು 88. ಮಹಿಳೆಯರ ಹೊರೆ ಹತ್ತು ನಿಮಿಷ ಇಳಿದಿದೆ ಎಂದು ಸಂತೋಷಪಡುವ ಮುನ್ನ ಪುರುಷರದೂ ಒಂಬತ್ತು ನಿಮಿಷ ಇಳಿದಿರುವುದನ್ನು ಗಮನಿಸಬೇಕು.

ಈ ಲೆಕ್ಕದ ಕಣ್ಣಿನಿಂದ ನಮ್ಮ ತೋಟವನ್ನು ನೋಡೋಣ. ಮದುವೆಯಾಗುವವರೆಗೆ ತಂಗಿ ಕೊಟ್ಟಿಗೆಯ ಕೆಲಸ ಮಾಡಿದ್ದಾಳೆ, ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿದಿದ್ದಾಳೆ, ಕಾಯಿಲೆ ಬಿದ್ದ ತಾಯಿಯವರನ್ನು ನೋಡಿಕೊಂಡಿದ್ದಾಳೆ. ನಾವು ಆ ವೇಳೆಗೆ ಊರು ಬಿಟ್ಟಿದ್ದೆವು. ತೋಟ ಉಳಿದದ್ದು ಯಾರ ದುಡಿಮೆಯಿಂದ ಎಂದು ಲೆಕ್ಕ ಬರೆದರೆ ಬ್ಯಾಂಕಿನವರಾದ ನಮ್ಮ ಖಾತೆಯಲ್ಲಿ ಜಮೆ ಕಡಿಮೆಯೇ ಇದೆ.

ತೀವ್ರವಾದಿ ಸ್ತ್ರೀವಾದ

1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಧಾರೆಯೇ ಜನಸಾಮಾನ್ಯರಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು. ಕೇಟ್ ಮಿಲೆಟ್ ಅವರ 'ಸೆಕ್ಷುವಲ್ ಪಾಲಿಟಿಕ್ಸ್' ಹಾಗೂ ಶುಲಮಿತ್ ಫೈರ್‌ಸ್ಟೋನ್ ಅವರ 'ದಿ ಡಯಲೆಕ್ಟಿಕ್ ಆಫ್ ಸೆಕ್ಸ್' ಎರಡೂ 1970ರಲ್ಲಿ ಪ್ರಕಟವಾದವು. ಹೆಣ್ಣಿನ ಅಧೀನತೆಯ ಬೇರು ಕಾನೂನಿನಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಇರುವುದಕ್ಕಿಂತ ಮನೆಯೊಳಗೆ, ದಾಂಪತ್ಯದೊಳಗೆ, ದೇಹದ ಮೇಲಿನ ಹತೋಟಿಯೊಳಗೆ ಇದೆ ಎಂಬುದು ಇವರ ನಿಲುವು. ಖಾಸಗಿ ಎಂದು ನಾವು ಮುಚ್ಚಿಡುವ ವಿಷಯಗಳಲ್ಲಿಯೂ ಅಧಿಕಾರದ ಆಟ ನಡೆಯುತ್ತದೆ ಎಂದು ಇವರು ತೋರಿಸಿದರು. ಮಹಿಳೆಯರು ಸಣ್ಣ ಗುಂಪುಗಳಲ್ಲಿ ಕುಳಿತು ತಮ್ಮ ಅನುಭವಗಳನ್ನು ಹಂಚಿಕೊಂಡಾಗ, ತನ್ನೊಬ್ಬಳ ದುರದೃಷ್ಟವೆಂದು ತಿಳಿದದ್ದು ಎಲ್ಲರ ಪಾಡು ಎಂಬುದು ಅರಿವಿಗೆ ಬಂದಿತು.

ಭಾರತದಲ್ಲಿ ಈ ಬಗೆಯ ಎಚ್ಚರ ಮೂಡಿದ್ದು ಮಹಾರಾಷ್ಟ್ರದ ಮಥುರಾ ಪ್ರಕರಣದಿಂದ ಎನ್ನಬಹುದು. 1972ರಲ್ಲಿ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಪೊಲೀಸ್ ಠಾಣೆಯೊಳಗೆ ಅತ್ಯಾಚಾರ ನಡೆಯಿತು. ಆಕೆ ಪ್ರತಿಭಟಿಸಿದ ಗುರುತುಗಳಿಲ್ಲವೆಂಬ ಕಾರಣವನ್ನೂ ನೀಡಿ ಸುಪ್ರೀಂ ಕೋರ್ಟು 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿರುವುದಕ್ಕೂ ಒಪ್ಪಿರುವುದಕ್ಕೂ ಅಂತರವಿದೆ ಎಂಬುದು ಆ ಪತ್ರದ ಮುಖ್ಯ ವಾದಗಳಲ್ಲಿ ಒಂದು. 1980ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಅತ್ಯಾಚಾರ ವಿರೋಧಿ ವೇದಿಕೆ ಹುಟ್ಟಿತು. ದೇಶವ್ಯಾಪಿ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮನೆಯೊಳಗಿನ ಹಿಂಸೆಯನ್ನು ಕಾನೂನಿನ ವ್ಯಾಪ್ತಿಗೆ ಇನ್ನಷ್ಟು ಸ್ಪಷ್ಟವಾಗಿ ತಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಬಂದದ್ದು 2005ರಲ್ಲಿ. ಬಾಲ್ಯವನ್ನು ಮಂಗಳೂರಿನಲ್ಲಿ ಕಳೆದ ವಕೀಲೆ ಫ್ಲೇವಿಯಾ ಆಗ್ನೆಸ್ ಅವರು ತಮ್ಮ ದಾಂಪತ್ಯದಲ್ಲಿ ಅನುಭವಿಸಿದ ಹಿಂಸೆಯನ್ನು ಆತ್ಮಕಥನವಾಗಿ ಬರೆದು, ಮುಂಬಯಿಯಲ್ಲಿ 'ಮಜ್ಲಿಸ್' ಸಂಸ್ಥೆಯ ಮೂಲಕ ಸಾವಿರಾರು ಮಹಿಳೆಯರಿಗೆ ಕಾನೂನು ನೆರವಿನ ದಾರಿ ತೋರಿದವರು.

ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಎಲ್ಲ ಹೆಂಗಸರ ಅನುಭವವೂ ಒಂದೇ ಎಂದು ಭಾವಿಸುತ್ತದೆ ಎಂಬ ಆಕ್ಷೇಪಗಳು ಈ ಪಂಥದ ಮೇಲಿವೆ. ಆದರೆ ಅದು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ತಂಗಿಯನ್ನು ಯಾರೂ ಬೆದರಿಸಲಿಲ್ಲ. ಸಹಿ ಹಾಕದಿದ್ದರೆ ತವರಿನ ದಾರಿ ಮುಚ್ಚುತ್ತದೆ ಎಂಬುದು ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ತಿಳಿದಿತ್ತು. ದೀಪಾವಳಿಗೆ ಬರುವಾಗ ಬಾಗಿಲಲ್ಲಿ ನಗುಮುಖ ಕಾಣಬೇಕಾದರೆ ಪಾಲು ಬಿಡಬೇಕು ಎಂಬ ಒಪ್ಪಂದ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆದಿದೆ.

ಕಪ್ಪು ಮಹಿಳೆಯರ ಮತ್ತು ದಲಿತ ಮಹಿಳೆಯರ ಚಿಂತನೆ

'ಮಹಿಳೆ' ಎಂದು ಹೇಳುವಾಗ ಯಾವ ಮಹಿಳೆ ನಮ್ಮ ಕಣ್ಣ ಮುಂದಿರುತ್ತಾಳೆ? ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಸೋಜರ್ನರ್ ಟ್ರೂತ್ 1851ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮಾತನಾಡಿದಾಗಲೇ ಈ ಪ್ರಶ್ನೆ ಎದ್ದಿತ್ತು. ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಅದಕ್ಕೆ ಸೈದ್ಧಾಂತಿಕ ರೂಪ ನೀಡಿದರು. ಮೋಟಾರು ಕಾರ್ಖಾನೆಯೊಂದು ಕಪ್ಪು ಮಹಿಳೆಯರನ್ನು ಕೆಲಸದಿಂದ ತೆಗೆದಾಗ, ಅಲ್ಲಿ ಕಪ್ಪು ಜನರಿದ್ದಾರೆ, ಮಹಿಳೆಯರೂ ಇದ್ದಾರೆ, ಆದ್ದರಿಂದ ಭೇದಭಾವವಿಲ್ಲ ಎಂದು ನ್ಯಾಯಾಲಯ ಹೇಳಿತ್ತು. ಇದ್ದ ಕಪ್ಪು ಜನರು ಗಂಡಸರು, ಇದ್ದ ಮಹಿಳೆಯರು ಬಿಳಿಯರು. ನಾಲ್ಕು ರಸ್ತೆಗಳು ಕೂಡುವಲ್ಲಿ ನಿಂತವಳಿಗೆ ಎಲ್ಲ ದಿಕ್ಕುಗಳಿಂದಲೂ ವಾಹನ ಬಂದು ಬಡಿಯಬಹುದು ಎಂಬ ಹೋಲಿಕೆಯಿಂದ ಕ್ರೆನ್‌ಶಾ ಇದನ್ನು ವಿವರಿಸಿದರು.

ನಮ್ಮ ದೇಶದಲ್ಲಿ ಆ ರಸ್ತೆಗಳಲ್ಲಿ ಒಂದು ಜಾತಿ. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ್ ಸಮುದಾಯದ ಬಾಲಕಿ ಮುಕ್ತಾಬಾಯಿ 1855ರಲ್ಲಿಯೇ ತನ್ನ ಜನರ, ವಿಶೇಷವಾಗಿ ಹೆರಿಗೆಯ ಹೊತ್ತಿನಲ್ಲಿ ಸೂರಿಲ್ಲದ ಹೆಂಗಸರ ಯಾತನೆಯನ್ನು ಕುರಿತು ಪ್ರಬಂಧ ಬರೆದಳು. ಹೆಣ್ಣುಮಕ್ಕಳಿಗೆ ಆಸ್ತಿ ಹಾಗೂ ವಿಚ್ಛೇದನದ ಹಕ್ಕು ನೀಡುವ ಹಿಂದೂ ಸಂಹಿತೆ ಮಸೂದೆಯನ್ನು ಮುಂದುವರಿಸದಿದ್ದುದು ಡಾ. ಬಿ.ಆರ್. ಅಂಬೇಡ್ಕರ್ ಅವರು 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಲು ಮುಖ್ಯ ಕಾರಣವಾಯಿತು. 1995ರಲ್ಲಿ ಗೋಪಾಲ ಗುರು ಅವರು ದಲಿತ ಮಹಿಳೆಯರ ದನಿ ಏಕೆ ಭಿನ್ನ ಎಂಬುದನ್ನು ವಿವರಿಸಿ ಬರೆದರು. ಅದೇ ವರ್ಷ ಬೆಂಗಳೂರಿನ ರೂತ್ ಮನೋರಮಾ ಅವರ ನೇತೃತ್ವದಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ನಿಷೇಧಕ್ಕೆ 1982ರಲ್ಲಿ ಕಾಯಿದೆ ಬಂದಿತು. ಆ ಪದ್ಧತಿಗೆ ಬಲಿಯಾದವರು ಬಹುತೇಕ ದಲಿತ ಹೆಣ್ಣುಮಕ್ಕಳು ಎಂಬುದನ್ನು ನೆನೆದರೆ ಜಾತಿಯನ್ನು ಬಿಟ್ಟು ಹೆಣ್ಣಿನ ಪ್ರಶ್ನೆಯನ್ನು ಮಾತನಾಡುವುದು ಏಕೆ ಸಾಲದು ಎಂಬುದು ತಿಳಿಯುತ್ತದೆ.

ಈ ಧಾರೆ ನಮ್ಮ ತಂಗಿಯ ಸಹಿಯನ್ನು ಕಂಡರೆ ಬಿಟ್ಟುಕೊಡಲು ಪಾಲೇ ಇಲ್ಲದವರ ಮಾತೇನು ಎಂದು ಕೇಳುತ್ತದೆ. ಅದೇ ತೋಟದಲ್ಲಿ ದಿನಗೂಲಿಗೆ ದುಡಿದ ಹೆಂಗಸರ ಹೆಸರು ಯಾವ ಪತ್ರದಲ್ಲಿಯೂ ಇಲ್ಲ. ಮುಂಬಯಿಯ ನಮ್ಮ ಫ್ಲ್ಯಾಟುಗಳಲ್ಲಿ ಗೃಹಿಣಿ ಕಚೇರಿಗೆ ಹೋಗಲು ಸಾಧ್ಯವಾಗಿರುವುದು ಪಾತ್ರೆ ತೊಳೆಯಲು ಇನ್ನೊಬ್ಬ ಬಾಯಿ ಬೆಳಿಗ್ಗೆ ಬರುವುದರಿಂದ. ಆಕೆಯ ರಜೆ, ಆಕೆಯ ಸಂಬಳ ಮಹಿಳಾ ದಿನದ ಭಾಷಣಗಳಲ್ಲಿ ಬರುವುದು ಅಪರೂಪ.

ಪರಿಸರ ಸ್ತ್ರೀವಾದ

ಪ್ರಕೃತಿಯ ಮೇಲಿನ ದಬ್ಬಾಳಿಕೆಗೂ ಹೆಣ್ಣಿನ ಮೇಲಿನ ದಬ್ಬಾಳಿಕೆಗೂ ಒಳಸಂಬಂಧವಿದೆ ಎಂಬುದು ಈ ಪಂಥದ ನಿಲುವು. ಫ್ರೆಂಚ್ ಲೇಖಕಿ ಫ್ರಾನ್ಸ್ವಾಸ್ ದೊಬೋನ್ 1974ರಲ್ಲಿ ಈ ಪರಿಭಾಷೆಯನ್ನು ಬಳಕೆಗೆ ತಂದರು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಸಂಗಾತಿಗಳು ಮರ ಕಡಿಯಲು ಬಂದವರನ್ನು ತಡೆದು ನಿಲ್ಲಿಸಿದರು. ಆ ಚಿಪ್ಕೊ ಚಳವಳಿಯ ಪ್ರೇರಣೆಯಿಂದ 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾಯಿತು. ಹೆಂಗಸರು, ಗಂಡಸರು, ಮಕ್ಕಳು ಸೇರಿ ಮರಗಳನ್ನು ಅಪ್ಪಿ ನಿಂತ ಸುದ್ದಿಯನ್ನು ಹದಿ ವಯಸ್ಸಿನಲ್ಲಿ ನಾವು ಬೆರಗಿನಿಂದ ಕೇಳಿದ್ದೆವು.

ವಂದನಾ ಶಿವ ಅವರು 1988ರ ತಮ್ಮ ಗ್ರಂಥದಲ್ಲಿ ಹೆಣ್ಣು ಹಾಗೂ ಪ್ರಕೃತಿಯ ನಂಟನ್ನು ವಿವರಿಸಿದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಹೆಣ್ಣು ಕಾಡನ್ನು ಕಾಯುವುದು ಆಕೆಯ ಸ್ವಭಾವದಿಂದ ಎನ್ನುವುದಕ್ಕಿಂತ, ಸೌದೆ, ನೀರು, ಮೇವು ತರುವ ಹೊಣೆ ಆಕೆಯ ಮೇಲಿರುವುದರಿಂದ ಎನ್ನುವುದು ಸರಿ ಎಂದರು. ಭೂಮಿಯ ಒಡೆತನವೇ ಹಳ್ಳಿಯ ಹೆಣ್ಣಿನ ಭದ್ರತೆಗೆ ಅಡಿಪಾಯವೆಂದು 1994ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಅವರು 2005ರ ತಿದ್ದುಪಡಿಗಾಗಿ ಶ್ರಮಿಸಿದವರಲ್ಲಿ ಪ್ರಮುಖರು. ಕಾಡನ್ನು ಉಳಿಸಲು ಹೆಣ್ಣು ಮುಂದೆ ಬರಬೇಕು, ತೋಟದ ಪಹಣಿಯಲ್ಲಿ ಮಾತ್ರ ಆಕೆಯ ಹೆಸರಿರಬಾರದು ಎಂಬ ನಮ್ಮ ರೂಢಿಯ ವಿರೋಧಾಭಾಸ ಇಲ್ಲಿ ಕಾಣುತ್ತದೆ.

ಇತ್ತೀಚಿನ ಧಾರೆಗಳು

ಅಮೆರಿಕದ ಚಿಂತಕಿ ಜೂಡಿತ್ ಬಟ್ಲರ್ ಅವರ 1990ರ 'ಜೆಂಡರ್ ಟ್ರಬಲ್' ಗ್ರಂಥವು, ಹೆಣ್ತನ ಮತ್ತು ಗಂಡಸುತನಗಳು ನಾವು ದಿನನಿತ್ಯ ಆಡಿ ಆಡಿ ಗಟ್ಟಿಮಾಡಿಕೊಂಡ ನಡಾವಳಿಗಳು ಎಂದು ವಾದಿಸಿತು. ಈ ವಿಚಾರ ಗಹನವಾದುದಾದರೂ ಯಕ್ಷಗಾನದ ಸ್ತ್ರೀವೇಷವನ್ನು ಕಂಡು ಬೆಳೆದ ನಮಗೆ ತೀರ ಅಪರಿಚಿತವೆನಿಸದು. ಗಂಡು, ಹೆಣ್ಣು ಎಂಬ ಎರಡೇ ಚೌಕಟ್ಟುಗಳಲ್ಲಿ ಹೊಂದದವರ ಬದುಕೂ ಸ್ತ್ರೀವಾದದ ಚರ್ಚೆಗೆ ಬಂದಿತು. ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗಿಗಳ ಗುರುತನ್ನು ಮಾನ್ಯಮಾಡಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದದ್ದು ನಮ್ಮೆಲ್ಲರಿಗೂ ಹೆಮ್ಮೆ ತಂದ ಸಂಗತಿ.

ಇದು ಪರದೇಶದ ಸರಕೇ?

ಆ ಹಿರಿಯರ ಮಾತಿಗೆ ಮರಳೋಣ. ಪರಿಭಾಷೆ ಹೊರಗಿನದು ಎಂಬುದು ನಿಜ. ಪ್ರಶ್ನೆಗಳು ಮಾತ್ರ ಇಲ್ಲಿಯವೇ. ನಾವು ವಾಸಿಸುವ ಈ ಮಹಾರಾಷ್ಟ್ರದಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಜೋತಿಬಾ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1882ರಲ್ಲಿ ತಾರಾಬಾಯಿ ಶಿಂದೆ ಸ್ತ್ರೀಪುರುಷರ ತುಲನೆ ಮಾಡಿ ಮರಾಠಿಯಲ್ಲಿ ಕಿಡಿಯಂಥ ಪುಸ್ತಕ ಬರೆದರು. ಬಾಲ್ಯವಿವಾಹದ ಗಂಡನ ಮನೆಗೆ ಹೋಗಲು ಒಪ್ಪದ ರಖ್ಮಾಬಾಯಿಯವರು 1884ರಿಂದ ಮುಂಬಯಿ ಹೈಕೋರ್ಟಿನಲ್ಲಿ ಮೊಕದ್ದಮೆ ಎದುರಿಸಿದರು, ಸೆರೆಮನೆಗೆ ಹೋಗಲೂ ಸಿದ್ಧರಾದರು, ಮುಂದೆ ವೈದ್ಯೆಯಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದ ಪಂಡಿತಾ ರಮಾಬಾಯಿ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸಂಪ್ರದಾಯಸ್ಥರ ವಿರೋಧ ಎದುರಿಸಿದವರು.

ಕನ್ನಡದಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿ ತಾವೇ ಬರೆದು ಪ್ರಕಟಿಸಿದರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಗಳು ನಮ್ಮ ಮನೆಯಂಗಳದ ಕಥೆಗಳು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಲೋಕವೇ ಆ ದನಿಗೆ ಕಿವಿಗೊಟ್ಟಿತು. ನಮ್ಮ ನಗರದ ಕರಾವಳಿ ಬಂಧುಗಳಲ್ಲಿ ಅಳಿಯಸಂತಾನದ ಪರಂಪರೆಯಿದೆ. ಅಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ಆದರೂ ಅನೇಕ ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿಯೇ ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಕೊನೆಯ ಮಾತು

ಈ ಪಂಥಗಳಲ್ಲಿ ಯಾವುದು ಸರಿ ಎಂದು ತೀರ್ಪು ನೀಡುವಷ್ಟು ಪಾಂಡಿತ್ಯ ನಮಗಿಲ್ಲ. ಹಕ್ಕು, ದುಡಿಮೆ, ಮನೆಯೊಳಗಿನ ಅಧಿಕಾರ, ಜಾತಿ, ಭೂಮಿ ಎಂಬ ಒಂದೊಂದು ಕಿಟಕಿಯಿಂದ ಅವು ಒಂದೇ ಮನೆಯನ್ನು ನೋಡುತ್ತವೆ ಎಂದು ನಮಗೆ ತೋರಿದೆ.

ಕಳೆದ ತಿಂಗಳು ಒಂದು ಭಾನುವಾರ ಆ ಪತ್ರದ ಪ್ರತಿಯನ್ನು ಹುಡುಕಿ ತೆಗೆದು ತಂಗಿಗೆ ದೂರವಾಣಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, "ಅಣ್ಣಾ, ಅವತ್ತು ಕೇಳಿದ್ರೂ ನಾನು ಸಹಿ ಹಾಕ್ತಿದ್ನೇನೋ. ಆದ್ರೆ ನೀನು ಕೇಳ್ಬೇಕಿತ್ತು" ಎಂದಳು. ನೋಂದಣಿಯಾದ ಪತ್ರವನ್ನು ಸುಲಭವಾಗಿ ರದ್ದುಪಡಿಸಲಾಗದು, ನಮ್ಮ ಪಾಲಿನಿಂದ ದಾನಪತ್ರದ ಮೂಲಕ ಆಕೆಗೆ ಕೊಡಬಹುದು ಎಂದು ವಕೀಲರು ತಿಳಿಸಿದ್ದಾರೆ. ನಮ್ಮ ತಮ್ಮ ಇನ್ನೂ ಒಪ್ಪಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮೂವರೂ ಕುಳಿತು ಮಾತನಾಡುವುದೆಂದು ನಿಶ್ಚಯಿಸಿದ್ದೇವೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯ ಹೆಣ್ಣುಮಕ್ಕಳಿಂದ ಯಾವುದೇ ಪತ್ರಕ್ಕೆ ಸಹಿ ಪಡೆಯುವ ಮುನ್ನ ಅದನ್ನು ಅವರ ಕೈಗೆ ಕೊಟ್ಟು, ಓದಲು ಒಂದು ವಾರ ಬಿಡಿ. ಬ್ಯಾಂಕ್ ಖಾತೆಗೆ ನಾಮನಿರ್ದೇಶನವಾದ ಮಾತ್ರಕ್ಕೆ ಹಣದ ಒಡೆತನ ಬಂದಂತಾಗದು, ಅದು ಕಾನೂನುಬದ್ಧ ವಾರಸುದಾರರಿಗೆ ಸೇರಿದ್ದು ಎಂಬುದನ್ನು ಪತ್ನಿಗೂ ಮಗಳಿಗೂ ತಿಳಿಸಿ. ಸಂಘದ ಮುಂದಿನ ಮಹಿಳಾ ದಿನಾಚರಣೆಯಲ್ಲಿ ರಂಗವಲ್ಲಿಯ ಜೊತೆಗೆ ಉತ್ತರಾಧಿಕಾರ ಕಾನೂನನ್ನು ಕುರಿತು ಒಂದು ಗಂಟೆಯ ಉಪನ್ಯಾಸವಿರಲಿ, ಅಂದಿನ ಉಪಾಹಾರವನ್ನು ನಾವು ಗಂಡಸರೇ ಸಿದ್ಧಪಡಿಸೋಣ ಎಂದು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇವೆ. ಉತ್ತರ ಬರಬೇಕಾಗಿದೆ.